ಕಲಬುರಗಿಯ ಬಿಸಿಲು, ಖಾರದ ಊಟ ಮತ್ತು ಅಂಗಡಿಯ ವೈನ್: ಒಂದು ವಿಮರ್ಶೆ

ಕಲಬುರಗಿಯಲ್ಲಿ ಒಳ್ಳೆಯ ವೈನ್ ಸಿಗುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಾಸಿಕ, ಸೊಲ್ಲಾಪುರ ಜಿಲ್ಲೆಯ ಅಕಲೂಜ, ದೊಡ್ಡಬಳ್ಳಾಪುರದ ಬಳಿಯ ನಂದಿಬೆಟ್ಟದ ತಪ್ಪಲು, ಹೀಗೆ ದೇಶದ ಹೆಸರಾಂತ ದ್ರಾಕ್ಷಿ ತೋಟಗಳ ವೈನ್‌ಗಳಲ್ಲಿ ಹಲವು ನಮ್ಮ ನಗರದ ಅಂಗಡಿಗಳ ಕಪಾಟಿಗೆ ಬಂದು ಸೇರುತ್ತವೆ. ಹಾಗೆ ಬಂದ ಬಾಟಲಿ ಎಲ್ಲಿ ಕೂತಿತು, ಎಷ್ಟು ಕಾಲ ಕೂತಿತು, ಎಷ್ಟು ಬಿಸಿಲು ಉಂಡಿತು ಎಂಬುದು ಇಲ್ಲಿ ಅದರ ಮೇಲಿನ ಹೆಸರಿಗಿಂತ ಮುಖ್ಯವಾಗುತ್ತದೆ. ಅದರ ಜೊತೆಗೆ ನಮ್ಮ ತಟ್ಟೆಯ ಖಾರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೆಂಗಳೂರು, ಮುಂಬೈಗಳಲ್ಲಿ ಕುಳಿತು ಬರೆದ ವೈನ್ ಸಲಹೆಗಳಲ್ಲಿ ಈ ಎರಡೂ ಬರುವುದಿಲ್ಲವಾದ್ದರಿಂದ, ಅವನ್ನು ನಂಬಿ ದುಬಾರಿ ಬಾಟಲಿ ಕೊಂಡ ನಮ್ಮೂರಿನ ಗೆಳೆಯರು ಒಂದೇ ಗುಟುಕಿಗೆ ಮುಖ ಕಿವುಚುವುದನ್ನು ನೋಡಿದ್ದೇನೆ. ದಿನನಿತ್ಯದ ಊಟದ ಜೊತೆ ಒಂದು ಗ್ಲಾಸ್ ವೈನ್ ಇಷ್ಟಪಡುವ, ಸಂಬಳದ ಲೆಕ್ಕದಲ್ಲಿ ಮನೆ ನಡೆಸುವ ಒಬ್ಬನು ಈ ಊರಿನ ಅಂಗಡಿಗಳಲ್ಲಿ ಆರಿಸಿ, ಈ ಊರಿನ ಅಡುಗೆಯೊಂದಿಗೆ ಸವಿದು ಕಂಡುಕೊಂಡ ಅಭಿಪ್ರಾಯಗಳು ಇಲ್ಲಿವೆ.

ಮೊದಲು ಅಂಗಡಿಯ ಮಾತು. ನಮ್ಮ ರಾಜ್ಯದಲ್ಲಿ ಮದ್ಯದ ಸಗಟು ವಿತರಣೆ 2003ರಿಂದ ಕರ್ನಾಟಕ ರಾಜ್ಯ ಪಾನೀಯ ನಿಗಮದ ಮೂಲಕ ನಡೆಯುತ್ತಿದೆ. ವೈನರಿಯಿಂದ ಹೊರಟ ಪೆಟ್ಟಿಗೆ ನಿಗಮದ ಡಿಪೋ ಸೇರಿ, ಅಲ್ಲಿಂದ ಚಿಲ್ಲರೆ ಅಂಗಡಿಗೆ ಬರುತ್ತದೆ. ಬಿಯರ್ ಮತ್ತು ವಿಸ್ಕಿ ಬಂದಷ್ಟೇ ಬೇಗ ಖಾಲಿಯಾಗುತ್ತವೆ. ನಮ್ಮಲ್ಲಿ ಈ ಅಂಗಡಿಗಳಿಗೆ ವೈನ್ ಶಾಪ್ ಎಂದೇ ಹೆಸರಾದರೂ ವೈನ್ ಕೇಳುವವರು ಕಡಿಮೆ. ಆದ್ದರಿಂದ ವೈನ್ ಬಾಟಲಿ ಮೇಲಿನ ಹಲಗೆಯಲ್ಲಿ, ಟ್ಯೂಬ್‌ಲೈಟಿನ ಪಕ್ಕದಲ್ಲಿ, ತಗಡಿನ ಛಾವಣಿಯ ಕೆಳಗೆ ನಿಂತೇ ಒಂದು ಬೇಸಿಗೆಯನ್ನು, ಕೆಲವೊಮ್ಮೆ ಎರಡು ಬೇಸಿಗೆಗಳನ್ನು ಕಳೆಯುತ್ತದೆ. ಶೇಕಡ 42.8ರಷ್ಟು ಆಲ್ಕೋಹಾಲ್ ಇರುವ ವಿಸ್ಕಿಗೆ ಅದರಿಂದ ಹೆಚ್ಚಿನ ಬಾಧೆಯಿಲ್ಲ. ಶೇಕಡ 12ರಿಂದ 14ರಷ್ಟು ಮಾತ್ರ ಆಲ್ಕೋಹಾಲ್ ಇರುವ, ಹಣ್ಣಿನ ರಸದ ಸೂಕ್ಷ್ಮಗಳನ್ನೇ ನೆಚ್ಚಿಕೊಂಡಿರುವ ವೈನ್‌ಗೆ ಅದು ಮರಣಶಾಸನ. ವೈನ್ ಇಡಲು 12ರಿಂದ 15 ಡಿಗ್ರಿ ಸೆಲ್ಸಿಯಸ್ ಸೂಕ್ತ ಎನ್ನುತ್ತಾರೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣತೆ 40 ಡಿಗ್ರಿ ದಾಟುವುದು ಹೊಸ ಸಂಗತಿಯಲ್ಲ, ಮುಚ್ಚಿದ ಅಂಗಡಿಯ ಒಳಗೆ ರಾತ್ರಿಯೂ ಕಾವು ಇಳಿಯುವುದಿಲ್ಲ.

ನಾನು ಈಗ ಹೆಚ್ಚಾಗಿ ಕೊಳ್ಳುವುದು ಸೂಪರ್ ಮಾರ್ಕೆಟ್ ಪ್ರದೇಶದ ಒಂದು ಸಾಧಾರಣ ಅಂಗಡಿಯಲ್ಲಿ. ಹೊರಗಿನಿಂದ ನೋಡಿದರೆ ಉಳಿದವುಗಳಿಗಿಂತ ಬೇರೆಯಾಗಿ ಕಾಣುವುದಿಲ್ಲ. ಅದೇ ಕಬ್ಬಿಣದ ಜಾಲರಿ, ಅದೇ ಗದ್ದಲ, ಸಂಜೆಯಾದರೆ ಕೈ ಚಾಚಿ ನಿಂತವರ ಸಾಲು. ಆದರೆ ಅಲ್ಲಿ ಗಲ್ಲೆಯ ಹಿಂದೆ, ಗೋಡೆಯ ಕೆಳಭಾಗದಲ್ಲಿ, ನೆಲಕ್ಕೆ ಹತ್ತಿರವಾದ ಕಲ್ಲಿನ ಗೂಡಿನಲ್ಲಿ ಕಾರ್ಕ್ ಇರುವ ಬಾಟಲಿಗಳನ್ನು ಮಲಗಿಸಿ ಇಡುತ್ತಾರೆ. ಶಹಾಬಾದ ಕಲ್ಲಿನ ಆ ಗೂಡು ಅಂಗಡಿಯ ಉಳಿದ ಭಾಗಕ್ಕಿಂತ ತಣ್ಣಗಿರುವುದನ್ನು ಕೈಯಿಟ್ಟು ನೋಡಿದ್ದೇನೆ. ಬಿಳಿ ವೈನ್‌ಗಳಿಗೆ ಬಿಯರ್ ಫ್ರಿಜ್‌ನ ಕೆಳಗಿನ ಅಂಕಣವನ್ನು ಬಿಟ್ಟುಕೊಟ್ಟಿದ್ದಾರೆ. ಗಲ್ಲೆಯಲ್ಲಿ ಕೂರುವ ಹುಡುಗನಿಗೆ ವೈನ್ ಕುಡಿಯುವ ಅಭ್ಯಾಸವಿಲ್ಲ, ಆದರೆ ಯಾವ ಪೆಟ್ಟಿಗೆ ಯಾವ ತಿಂಗಳು ಬಂತು ಎಂಬುದು ಅವನ ನಾಲಿಗೆಯ ತುದಿಯಲ್ಲಿದೆ. ಕಳೆದ ಜೂನ್‌ನಲ್ಲಿ ಶಿರಾಜ್ ಎಂಬ ದ್ರಾಕ್ಷಿ ತಳಿಯ ಒಂದು ಕೆಂಪು ವೈನ್ ಬಾಟಲಿಯತ್ತ ನಾನು ಕೈ ತೋರಿಸಿದಾಗ ಅವನು ತಲೆಯಾಡಿಸಿ, "ಅದು ಬ್ಯಾಡ್ರಿ ಸರ್, ಬ್ಯಾಸಗಿಗಿಂತ ಮೊದಲ ಬಂದದ್ದದ, ಮ್ಯಾಲಿನ ಹಲಗಿ ಮ್ಯಾಲೇ ಇತ್ತು. ಎಂಟು ದಿನ ತಡೀರಿ, ಹೊಸಾ ಪೆಟಗಿ ಒಡಿಯೋದದ" ಎಂದ. ಮಾರಾಟವಾಗುತ್ತಿದ್ದ ಬಾಟಲಿಯನ್ನು ತಾನೇ ಬೇಡವೆಂದ ಆ ಪ್ರಾಮಾಣಿಕತೆಗೆ ನಾನು ಕೊಡುವ ಅಂಕ ದೊಡ್ಡದು. ಆ ಅಂಗಡಿಯ ಸಂಗ್ರಹ ಚಿಕ್ಕದು, ವಿದೇಶಿ ಬಾಟಲಿಗಳು ಇಲ್ಲವೆನ್ನುವಷ್ಟು ಕಡಿಮೆ. ಆದರೂ ಮಾಲು ಓಡುವ ಅಂಗಡಿಯ ಹತ್ತು ಬಗೆ, ಮಾಲು ನಿಂತ ಅಂಗಡಿಯ ಐವತ್ತು ಬಗೆಗಿಂತ ಮೇಲು.

ಅಂಗಡಿ ಯಾವುದೇ ಇರಲಿ, ದುಡ್ಡು ಕೊಡುವ ಮೊದಲು ಬಾಟಲಿಯನ್ನು ಕೈಗೆ ತೆಗೆದುಕೊಳ್ಳಲೇಬೇಕು. ಜಾಲರಿಯ ಆಚೆಯಿಂದ ಕೊಡಲು ಅವರು ಹಿಂಜರಿದರೂ ವಿನಯದಿಂದ ಕೇಳಿದರೆ ಕೊಡುತ್ತಾರೆ. ಮೊದಲು ದ್ರಾಕ್ಷಿ ಕೊಯ್ದ ವರ್ಷ ನೋಡಬೇಕು. ದಿನಬಳಕೆಯ ಬಿಳಿ ವೈನ್ ಆಗಿದ್ದರೆ ಎರಡು ವರ್ಷಕ್ಕಿಂತ ಹಳೆಯದನ್ನು ನಾನು ಮುಟ್ಟುವುದಿಲ್ಲ. ವೈನ್ ಹಳೆಯದಾದಷ್ಟೂ ಒಳ್ಳೆಯದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ, ಅದು ತಂಪು ನೆಲಮಾಳಿಗೆಯಲ್ಲಿಟ್ಟ ಕೆಲವೇ ಕೆಂಪು ವೈನ್‌ಗಳಿಗೆ ಸಲ್ಲುವ ಮಾತು. ಬಳಿಕ ಬಾಟಲಿಯ ಕುತ್ತಿಗೆಯನ್ನು ಬೆಳಕಿಗೆ ಹಿಡಿದು ವೈನ್ ಎಲ್ಲಿಯವರೆಗೆ ತುಂಬಿದೆ ನೋಡಬೇಕು. ಅದೇ ಸಾಲಿನ ಬೇರೆ ಬಾಟಲಿಗಳಿಗಿಂತ ಮಟ್ಟ ಕೆಳಗಿದ್ದರೆ ಕಾರ್ಕ್ ಮೂಲಕ ಸೋರಿದೆ ಎಂದೇ ಅರ್ಥ. ಕಾರ್ಕ್ ಮೇಲಿನ ಹೊದಿಕೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಬೇಕು, ಅದು ಉಬ್ಬಿದ್ದರೆ ಕಾವಿಗೆ ವೈನ್ ಹಿಗ್ಗಿ ಕಾರ್ಕನ್ನು ಮೇಲಕ್ಕೆ ತಳ್ಳಿದೆ. ಹೊದಿಕೆಯ ಅಂಚಿನಲ್ಲಿ ಬೆರಳು ಅಂಟಿದರೂ ಅದೇ ಕಥೆ. ಹಿಂಬದಿಯ ಚೀಟಿಯನ್ನೂ ಓದಬೇಕು, ಏಕೆಂದರೆ ಒಂದೇ ಹೆಸರಿನ ಕಂಪನಿಗೆ ಒಂದಕ್ಕಿಂತ ಹೆಚ್ಚು ವೈನರಿಗಳಿರುತ್ತವೆ. ನಾಸಿಕದ ಸುಲಾ ಸಂಸ್ಥೆಗೆ ನಮ್ಮ ಚನ್ನಪಟ್ಟಣದಲ್ಲೂ ಒಂದು ವೈನರಿ ಇರುವುದು ಎಲ್ಲರಿಗೂ ಗೊತ್ತಿಲ್ಲ. ತಿರುಗಿಸಿ ತೆಗೆಯುವ ಮುಚ್ಚಳ ಇದ್ದರೆ ಅಗ್ಗದ ಮಾಲು ಎಂದು ಮೂಗು ಮುರಿಯುವವರಿದ್ದಾರೆ. ನಮ್ಮ ಒಣ ಹವೆಯಲ್ಲಿ, ನಿಲ್ಲಿಸಿಯೇ ಇಡುವ ಅಂಗಡಿಗಳಲ್ಲಿ, ಒಣಗಿ ಬಿರಿಯುವ ಕಾರ್ಕ್‌ಗಿಂತ ಆ ಮುಚ್ಚಳವೇ ನಂಬಿಗಸ್ತ.

ಕಾವು ತಗುಲಿದ ವೈನ್ ಹೇಗಿರುತ್ತದೆ ಎಂದು ಒಮ್ಮೆ ತಿಳಿದುಕೊಂಡರೆ ಮರೆಯುವುದಿಲ್ಲ. ನಗರದ ಬೇರೊಂದು ಕಡೆ, ಗಾಜಿನ ಕಪಾಟು ಮತ್ತು ಬಣ್ಣದ ದೀಪಗಳಿಂದ ಕಣ್ಣು ಕುಕ್ಕುವ ಅಂಗಡಿಯೊಂದರಿಂದ ತಂದ ಕ್ಯಾಬರ್ನೆ ಸೊವಿನ್ಯೋನ್ ಎಂಬ ತಳಿಯ ಕೆಂಪು ವೈನ್ ಇದಕ್ಕೆ ಉದಾಹರಣೆ. ಹೊದಿಕೆ ಬಿಚ್ಚಿದಾಗ ಕಾರ್ಕ್‌ನ ಒಂದು ಬದಿಯಲ್ಲಿ ಕೆಳಗಿನಿಂದ ಮೇಲಿನವರೆಗೆ ನೇರಳೆ ಗೆರೆಯೊಂದು ಹರಿದಿತ್ತು. ಗ್ಲಾಸಿಗೆ ಸುರಿದಾಗ ನಡುವೆ ಕೆಂಪು, ಅಂಚಿನಲ್ಲಿ ಇಟ್ಟಿಗೆಯ ಬಣ್ಣ. ತಾಜಾ ಹಣ್ಣಿನ ಕಂಪು ಇರಬೇಕಾದಲ್ಲಿ ಬಹಳ ಹೊತ್ತು ಕುದಿಸಿದ ಜಾಮ್‌ನ ವಾಸನೆ, ಅದರ ಹಿಂದೆ ಹಳೆಯ ಒಣದ್ರಾಕ್ಷಿಯ ಮುಗ್ಗಲು. ಬಾಯಲ್ಲಿ ಮೊದಲು ಸಿಹಿಯ ಸುಳಿವು, ಆಮೇಲೆ ಏನೂ ಇಲ್ಲದ ಬರಿದು, ಕೊನೆಗೆ ಕಹಿ. ಮರುದಿನ ಬಾಟಲಿಯನ್ನೂ ಕಾರ್ಕನ್ನೂ ಒಯ್ದು ತೋರಿಸಿದೆ. ಒಡೆದ ಸೀಲ್ ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಅಬಕಾರಿ ನಿಯಮಗಳ ತೊಡಕು ಅವರಿಗೂ ಇದ್ದೀತು. ಆದರೆ ಅದೇ ಸಾಲಿನ ಉಳಿದ ಬಾಟಲಿಗಳನ್ನಾದರೂ ಕಪಾಟಿನಿಂದ ಇಳಿಸಿ ಎಂದು ಕೇಳಿಕೊಂಡ ಮೇಲೂ ವಾರಗಳ ಕಾಲ ಅವು ಅಲ್ಲೇ, ದೀಪದ ಕೆಳಗೇ ಇದ್ದವು. ವೈನ್ ಮೊದಲ ಬಾರಿ ರುಚಿ ನೋಡುವ ಯಾರೋ ಒಬ್ಬರು ಅದನ್ನೊಯ್ದು, ವೈನ್ ಎಂದರೆ ಇಷ್ಟೇ ಎಂದು ತೀರ್ಮಾನಿಸುತ್ತಾರಲ್ಲ ಎಂಬುದೇ ನನ್ನ ಸಂಕಟ.

ಇನ್ನು ಬಾಟಲಿಗಳ ವಿಚಾರ. ದಿನನಿತ್ಯದ ನನ್ನ ಮೊದಲ ಆಯ್ಕೆ ಸುಲಾದ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್. 1999ರಲ್ಲಿ ರಾಜೀವ್ ಸಾಮಂತ್ ನಾಸಿಕದಲ್ಲಿ ಶುರುಮಾಡಿದ ಈ ವೈನರಿಯ ಆರಂಭದ ಕೊಯ್ಲಿನಿಂದಲೂ ಇರುವ ತಳಿ ಇದು. ಫ್ರಾನ್ಸಿನ ಲ್ವಾರ್ ಕಣಿವೆ ಇದರ ತವರು. ಬಿಸಿಲು ಹೆಚ್ಚಿದ್ದರೂ ಹುಳಿಯನ್ನು ಬಿಟ್ಟುಕೊಡದ ಗುಣ ಇದಕ್ಕಿದೆ, ಆದ್ದರಿಂದಲೇ ದಖ್ಖನಿಗೆ ಒಗ್ಗಿದೆ. ಬಣ್ಣ ತೆಳು ಹುಲ್ಲಿನಂತೆ. ಮೂಗಿಗೆ ಪೇರಲ, ಅನಾನಸು ಮತ್ತು ತುಸು ಜೇನು. ನಾಲಿಗೆಯ ಮೇಲೆ ಗೊತ್ತಾಗುವಷ್ಟು ಸಿಹಿ ಉಳಿಸಿ ಮಾಡಿದ್ದಾರೆ. ವೈನ್ ಬಲ್ಲವರೆನಿಸಿಕೊಂಡವರಲ್ಲಿ ಈ ಸಿಹಿಯ ಬಗ್ಗೆ ಸ್ವಲ್ಪ ತಾತ್ಸಾರವಿದೆ. ಆ ತಾತ್ಸಾರ ನಮ್ಮ ತಟ್ಟೆಯ ಮುಂದೆ ನಿಲ್ಲುವುದಿಲ್ಲ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ನಮ್ಮ ಮನೆಯ ಬದನೆಕಾಯಿ ಎಣ್ಣೆಗಾಯಿಯನ್ನು ತೆಗೆದುಕೊಳ್ಳಿ. ಹುರಿದ ಶೇಂಗಾ, ಎಳ್ಳು, ಗುರೆಳ್ಳು, ಒಣಕೊಬ್ಬರಿ, ಹುಣಸೆಹಣ್ಣು, ಬೆಲ್ಲದ ಚೂರು, ಮೇಲೆ ಕೈತುಂಬ ಮಸಾಲಿ ಖಾರ; ಬದನೆಕಾಯಿ ಎಣ್ಣೆಯಲ್ಲಿ ಮುಳುಗಿ ಮೆತ್ತಗಾಗಿರುತ್ತದೆ. ಇದರ ಜೊತೆ ಕಟಕ್ ರೊಟ್ಟಿ. ಒಂದು ರಾತ್ರಿ ಇದೇ ಊಟಕ್ಕೆ ಎರಡು ಗ್ಲಾಸ್ ಪಕ್ಕಪಕ್ಕದಲ್ಲಿಟ್ಟುಕೊಂಡೆವು. ಒಂದರಲ್ಲಿ ಶೆನಿನ್ ಬ್ಲಾಂಕ್, ಇನ್ನೊಂದರಲ್ಲಿ ಗ್ರೋವರ್ ಜಂಪಾದ ಲಾ ರಿಸರ್ವ್. ಎರಡನೆಯದು ಹೆಸರುವಾಸಿ ಕೆಂಪು ವೈನ್: ಕನ್ವಲ್ ಗ್ರೋವರ್ ನಂದಿಬೆಟ್ಟದ ತಪ್ಪಲಲ್ಲಿ 1988ರಲ್ಲಿ ಕಟ್ಟಲು ತೊಡಗಿದ ತೋಟದ ಹೆಮ್ಮೆ, ಫ್ರಾನ್ಸಿನ ಬೋರ್ಡೋದ ವೈನ್ ತಜ್ಞ ಮಿಶೆಲ್ ರೊಲಾಂ ಅವರ ಸಲಹೆಯಲ್ಲಿ ರೂಪುಗೊಂಡದ್ದು, ಕ್ಯಾಬರ್ನೆ ಮತ್ತು ಶಿರಾಜ್ ಬೆರೆಸಿ ಫ್ರೆಂಚ್ ಓಕ್ ಪೀಪಾಯಿಯಲ್ಲಿ ಹದಗೊಳಿಸಿದ್ದು. ಊಟಕ್ಕೆ ಮುಂಚೆ ಬರಿದಾಗಿ ಸವಿದಾಗ ಅದರ ಮುಂದೆ ಶೆನಿನ್ ಚಿಕ್ಕದಾಗಿ ಕಂಡಿತು. ಕಪ್ಪು ಹಣ್ಣುಗಳ ಗಾಢತೆ, ಲವಂಗ, ವೆನಿಲ್ಲಾ, ನಿಧಾನವಾಗಿ ಇಳಿಯುವ ಒಗರು, ಎಲ್ಲವೂ ಅಚ್ಚುಕಟ್ಟು. ರೊಟ್ಟಿಯ ತುತ್ತು ನುಂಗಿ ಅದೇ ಗ್ಲಾಸ್ ಎತ್ತಿದಾಗ ಮಾತ್ರ ಚಿತ್ರ ಬದಲಾಯಿತು. ಖಾರ ಎರಡು ಪಟ್ಟಾಗಿ ಗಂಟಲು ಸುಟ್ಟಿತು. ಹಣ್ಣಿನ ರುಚಿ ಎಲ್ಲಿಗೋ ಹೋಗಿ ಒಗರು ಮತ್ತು ಕಟ್ಟಿಗೆಯ ಕಹಿ ಮಾತ್ರ ಬಾಯಲ್ಲಿ ಉಳಿದವು. ಶೆನಿನ್‌ನ ಗುಟುಕಾದರೋ ಖಾರವನ್ನು ತಣಿಸಿತು. ಅದರ ಸಿಹಿ ಬೆಲ್ಲದ ಕೈಹಿಡಿಯಿತು, ಹುಳಿ ಹುಣಸೆಗೆ ಸರಿಸಾಟಿಯಾಯಿತು, ಶೇಂಗಾ ಎಣ್ಣೆಯ ಜಿಡ್ಡನ್ನು ಕತ್ತರಿಸಿ ಮುಂದಿನ ತುತ್ತಿಗೆ ಬಾಯನ್ನು ಅಣಿಮಾಡಿತು. ನಮ್ಮ ಮನೆಯವರು ಕೆಂಪು ಗ್ಲಾಸನ್ನು ಬದಿಗೆ ಸರಿಸಿ, "ಇದನ್ನ ಊಟ ಆದ ಮ್ಯಾಲ ಕುಡಿಯೋಣ್ರಿ" ಎಂದದ್ದೇ ಆ ರಾತ್ರಿಯ ತೀರ್ಪು.

ಇದಕ್ಕೆ ಕಾರಣ ಸ್ಪಷ್ಟವಿದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನಾಲಿಗೆಯಲ್ಲಿ ಕಾವನ್ನು ಗ್ರಹಿಸುವ ನರಗಳನ್ನೇ ಕೆರಳಿಸುತ್ತದೆ. ಆಲ್ಕೋಹಾಲ್ ಕೂಡ ಅದೇ ನರಗಳನ್ನು ಕೆಣಕುವುದರಿಂದ ಗಡಸು ವೈನ್ ಉರಿಯ ಮೇಲೆ ಉರಿಯನ್ನು ಕೂಡಿಸುತ್ತದೆ. ದ್ರಾಕ್ಷಿಯ ಸಿಪ್ಪೆ, ಬೀಜ ಮತ್ತು ಓಕ್ ಕಟ್ಟಿಗೆಯಿಂದ ಬರುವ ಟ್ಯಾನಿನ್, ಅಂದರೆ ಆ ಒಗರು, ಜೊಲ್ಲಿನ ಜಾರುತನವನ್ನು ಕಳೆದು ಬಾಯನ್ನು ಒರಟಾಗಿಸುತ್ತದೆ, ಕೆರಳಿದ ಬಾಯಿಗೆ ಅದು ಇನ್ನೂ ಹೆಚ್ಚಾಗಿ ತಾಗುತ್ತದೆ. ಸಿಹಿ ಮತ್ತು ತಂಪು ಖಾರವನ್ನು ಇಳಿಸುತ್ತವೆ. ಹಾಗೆಂದು ಲಾ ರಿಸರ್ವ್ ಕಡಿಮೆಯದೆಂದು ನಾನು ಹೇಳುವುದಿಲ್ಲ. ಖಾರ ಕಡಿಮೆ ಹಾಕಿ ಕೆಂಡದ ಮೇಲೆ ಸುಟ್ಟ ಮಾಂಸಕ್ಕೆ, ಬೆಣ್ಣೆ, ಕಾಳುಮೆಣಸಿನ ಪುಡಿ ಹಾಕಿ ಹುರಿದ ಅಣಬೆಗೆ ಅದು ರಾಜಯೋಗ್ಯ. ಆ ವರ್ಗದ ಭಾರತೀಯ ಕೆಂಪು ವೈನ್‌ಗಳಲ್ಲಿ ಅದರ ಬೆಲೆಗೆ ಅದು ಕೊಡುವ ಆಳವನ್ನು ನಾನು ಬೇರೆಡೆ ಅಷ್ಟಾಗಿ ಕಂಡಿಲ್ಲ. ಎಣ್ಣೆಗಾಯಿಯ ಪಕ್ಕದಲ್ಲಿ ಇಟ್ಟು ಅದಕ್ಕೆ ಅನ್ಯಾಯ ಮಾಡಬಾರದು ಎಂಬುದಷ್ಟೇ ನನ್ನ ಕಳಕಳಿ.

ಪುಂಡಿ ಪಲ್ಯಕ್ಕೆ ಶೆನಿನ್ ಸಾಲದು. ಪುಂಡಿ ಸೊಪ್ಪಿನ ಹುಳಿ ತೀಕ್ಷ್ಣವಾದದ್ದು. ಊಟದ ಹುಳಿಗಿಂತ ವೈನ್‌ನ ಹುಳಿ ಕಡಿಮೆಯಾದರೆ ವೈನ್ ಸಪ್ಪೆಯಾಗಿ ತೋರುತ್ತದೆ. ಇಲ್ಲಿ ಸೊವಿನ್ಯೋನ್ ಬ್ಲಾಂಕ್ ಎಂಬ ಬಿಳಿ ವೈನ್ ಬೇಕು. ಹಸಿರು ದೊಣ್ಣೆಮೆಣಸಿನಕಾಯಿ, ಆಗಷ್ಟೇ ಕತ್ತರಿಸಿದ ಹುಲ್ಲು, ನಿಂಬೆಸಿಪ್ಪೆಯನ್ನು ನೆನಪಿಸುವ ಅದರ ಕಂಪು ಹಸಿರು ಸೊಪ್ಪಿಗೆ ಹತ್ತಿರದ ನೆಂಟ. ಬೆಳ್ಳುಳ್ಳಿ ಒಗ್ಗರಣೆ ಸಿಡಿಸಿದ ಪುಂಡಿ ಪಲ್ಯ, ಬಿಸಿ ಜೋಳದ ರೊಟ್ಟಿ ಮತ್ತು ಚೆನ್ನಾಗಿ ತಣಿಸಿದ ಸೊವಿನ್ಯೋನ್ ಬ್ಲಾಂಕ್ ಇವುಗಳ ಹೊಂದಾಣಿಕೆಯನ್ನು ಯಾವ ಊರಿನ ಯಾವ ದೊಡ್ಡ ಹೋಟೆಲಿನ ಮುಂದೆಯೂ ಧೈರ್ಯವಾಗಿ ಇಡಬಹುದು. ಸುಲಾ, ಗ್ರೋವರ್ ಮತ್ತು ಅಕಲೂಜದ ಫ್ರಾಟೆಲ್ಲಿ ಸಂಸ್ಥೆ ಮೂವರೂ ಈ ತಳಿಯ ವೈನ್ ಮಾಡುತ್ತಾರೆ. ಯಾವುದರ ವರ್ಷ ಹೊಸದಿದೆಯೋ ಅದನ್ನು ಕೊಳ್ಳುವುದು ಜಾಣತನ, ಏಕೆಂದರೆ ಈ ಹಸಿರು ಕಂಪು ಎಲ್ಲಕ್ಕಿಂತ ಮೊದಲು ಮಾಯವಾಗುತ್ತದೆ.

ಫ್ರಾಟೆಲ್ಲಿಯ ಬಗ್ಗೆ ನನಗೆ ನೆರೆಹೊರೆಯ ಅಭಿಮಾನವೂ ಇದೆ. ಸೊಲ್ಲಾಪುರ ನಮಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ, ಅದರ ತೋಟಗಳಿರುವ ಅಕಲೂಜ ಆ ಜಿಲ್ಲೆಯಲ್ಲೇ ಇದೆ. ಇಟಲಿಯ ಟಸ್ಕನಿಯ ವೈನ್ ತಯಾರಕ ಪಿಯೆರೊ ಮಾಸಿ ಅಲ್ಲಿ ತಮ್ಮ ನಾಡಿನ ಸಾಂಜೊವೇಸೆ ತಳಿಗೆ ನೆಲೆ ಒದಗಿಸಿದರು. ಆ ದ್ರಾಕ್ಷಿಯ ಕೆಂಪು ವೈನ್ ಬಣ್ಣದಲ್ಲಿ ಗಾಢವಲ್ಲ, ಆದರೆ ಅದರಲ್ಲಿ ಹುಳಿ ಚೆರ್ರಿಯ ಚುರುಕು, ಹಾಲಿಲ್ಲದ ಚಹಾದಂಥ ತೆಳು ಒಗರು ಇದೆ. ಕೆಂಪು ವೈನ್ ಬೇಕೇ ಬೇಕು ಎನ್ನುವವರಿಗೆ ನಮ್ಮ ದಿನದ ಊಟದೊಂದಿಗೆ ನಾನು ಸೂಚಿಸುವುದು ಇದನ್ನೇ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ನಮ್ಮ ಕಲಬುರಗಿ ತೊಗರಿಯ ಬೇಳೆಗೆ ಟೊಮೆಟೊ ಹಾಕಿ ಕಟ್ಟಿದ ಖಾರಬ್ಯಾಳಿಯ ಜೊತೆ ಅದು ಸಲೀಸಾಗಿ ಬೆರೆಯುತ್ತದೆ. ಟೊಮೆಟೊ ಹುಳಿಗೆ ಹೆದರದ ಕೆಂಪು ವೈನ್ ಸಿಗುವುದು ಅಪರೂಪ. ಇದೇ ಸಂಸ್ಥೆಯ ಸೆಟ್ಟೆ ಎಂಬ ಮೇಲ್ದರ್ಜೆಯ ವೈನ್ ಸಾಂಜೊವೇಸೆ ಮತ್ತು ಕ್ಯಾಬರ್ನೆಯ ಬೆರಕೆ. ರುಚಿ ಶ್ರೀಮಂತ, ಬೆಲೆಯೂ ಹಾಗೆಯೇ, ಹಬ್ಬ ಹುಣ್ಣಿಮೆಗೆ ಮೀಸಲು. ಸೊಲ್ಲಾಪುರಕ್ಕೆ ಹೋದವರು ಅಲ್ಲಿಂದಲೇ ತರಬಾರದೇ ಎಂದು ಕೇಳುವವರಿದ್ದಾರೆ. ಬಾಟಲಿಯ ಮೇಲೆ ಯಾವ ರಾಜ್ಯದಲ್ಲಿ ಮಾರಾಟಕ್ಕೆ ಎಂದು ಮುದ್ರಿಸಿರುತ್ತಾರೆ, ಗಡಿ ದಾಟಿಸುವುದು ಅಬಕಾರಿ ಕಾನೂನಿನ ವಿಷಯ. ನಾನು ಇಲ್ಲೇ ಕೊಳ್ಳುತ್ತೇನೆ.

ಶಿರಾಜ್ ಎಂದರೆ ನಮ್ಮೂರಿನ ಮಟನ್ ನೆನಪಾಗಲೇಬೇಕು. ಕಾಳುಮೆಣಸಿಗೆ ಅದರ ಪರಿಮಳ ಕೊಡುವ ರೊಟುಂಡೋನ್ ಎಂಬ ಅಂಶವೇ ಶಿರಾಜ್ ದ್ರಾಕ್ಷಿಯ ಸಿಪ್ಪೆಯಲ್ಲೂ ಇದೆ, ಆದ್ದರಿಂದ ಗರಂ ಮಸಾಲೆಯ ಅಡುಗೆಗೂ ಅದಕ್ಕೂ ಹುಟ್ಟಿನಿಂದಲೇ ನಂಟು. ಬಂದೇ ನವಾಜ್ ದರ್ಗಾದ ಸುತ್ತಲಿನ ಓಣಿಗಳಿಂದ ಕಟ್ಟಿಸಿಕೊಂಡು ಬಂದ ಬಿರಿಯಾನಿಗೆ, ಮನೆಯ ತಹರಿಗೆ, ಖೈಮಾಕ್ಕೆ ನಾನು ಓಕ್ ಕಾಣದ ಸಾದಾ ಶಿರಾಜ್ ಅನ್ನೇ ಆರಿಸುತ್ತೇನೆ. ಸುಲಾದ ದಿಂಡೋರಿ ರಿಸರ್ವ್ ಶಿರಾಜ್ ಹೆಚ್ಚು ಗಂಭೀರವಾದ ವೈನ್ ನಿಜ, ಆದರೆ ಪೀಪಾಯಿಯ ಗುಣ ಅದರಲ್ಲಿ ಎದ್ದು ಕಾಣುವುದರಿಂದ ಖಾರ ಇಳಿಸಿದ ಅಡುಗೆಗೆ ಮಾತ್ರ. ಯಾವ ಶಿರಾಜ್ ಆದರೂ ತುಸು ತಣಿಸಿ ಕುಡಿಯಬೇಕು.

ನಮ್ಮ ಕಲ್ಯಾಣ ಕರ್ನಾಟಕದ್ದೇ ಆದ ಒಂದು ದೊಡ್ಡ ವೈನ್ ಇದೆ, ಕೊಪ್ಪಳ ಜಿಲ್ಲೆಯ ಗುಡ್ಡಗಳಲ್ಲಿ ಬೆಳೆದ ಕೃಷ್ಮಾ. ಅದರ ಕ್ಯಾಬರ್ನೆ ಸೊವಿನ್ಯೋನ್ ಅನ್ನು ಬೆಂಗಳೂರಿನಿಂದ ಬಂದ ಸಂಬಂಧಿಕರು ತಂದುಕೊಟ್ಟಾಗ ಸವಿದೆ. ಕಲ್ಲುನೆಲದ ಬಿಗಿ, ಗಾಢ ಹಣ್ಣು, ತೆರೆದು ಒಂದು ಗಂಟೆ ಕಾದರೆ ಅರಳುವ ಪರಿಮಳ. ಬೆಲೆ ದಿನಬಳಕೆಯದಲ್ಲ. ನಮ್ಮ ಭಾಗದ ನೆಲದಲ್ಲಿ ಇಂಥದ್ದು ಹುಟ್ಟುತ್ತದೆ ಎಂಬ ಸಂತೋಷದ ಜೊತೆಗೇ, ಅದನ್ನು ನಮ್ಮ ಅಂಗಡಿಯಲ್ಲಿ ಕೇಳಿ ಪಡೆಯಲಾಗಲಿಲ್ಲವಲ್ಲ ಎಂಬ ಬೇಸರವೂ ಆಯಿತು.

ಪೋರ್ಟ್ ಎಂದು ಮಾರುವ ಅಗ್ಗದ ಸಿಹಿ ವೈನ್‌ಗಳ ಬಗ್ಗೆ ಒಂದೇ ಮಾತು. ಅವುಗಳಲ್ಲಿ ಸಕ್ಕರೆ ಮುಂದೆ, ಹಣ್ಣು ಹಿಂದೆ. ಕ್ರಿಸ್ಮಸ್ ಕೇಕಿನೊಂದಿಗೆ ಚಿಕ್ಕ ಲೋಟದಲ್ಲಿ ಚೆನ್ನ, ಊಟಕ್ಕೆ ಹೊಂದುವುದಿಲ್ಲ.

ಬಡಿಸುವ ಕ್ರಮದ ಬಗ್ಗೆ ನಮ್ಮಲ್ಲಿ ಬೇರೂರಿದ ತಪ್ಪು ತಿಳಿವಳಿಕೆಯೊಂದಿದೆ, ಕೆಂಪು ವೈನನ್ನು ಫ್ರಿಜ್‌ನಲ್ಲಿ ಇಡಬಾರದು, ಕೋಣೆಯ ಉಷ್ಣತೆಯಲ್ಲೇ ಕುಡಿಯಬೇಕು ಎಂದು. ಆ ಮಾತು ಹುಟ್ಟಿದ್ದು 16ರಿಂದ 18 ಡಿಗ್ರಿಯ ಯುರೋಪಿನ ಕೋಣೆಗಳಲ್ಲಿ. ನಮ್ಮ ಕೋಣೆ ಮೇ ತಿಂಗಳಲ್ಲಿ 35 ಡಿಗ್ರಿ ಇರುತ್ತದೆ. ಆ ಕಾವಿನಲ್ಲಿ ಆಲ್ಕೋಹಾಲ್ ಮೂಗಿಗೆ ರಾಚುತ್ತದೆ, ಹಣ್ಣಿನ ಕಂಪು ಕರಗುತ್ತದೆ. ಕೆಂಪು ವೈನನ್ನು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಫ್ರಿಜ್‌ನಲ್ಲಿಟ್ಟು ತೆಗೆಯುವುದು, ಬಿಳಿಯದನ್ನು ಮೂರು ಗಂಟೆ ಇಟ್ಟು 8ರಿಂದ 10 ಡಿಗ್ರಿಗೆ ತರುವುದು ನನ್ನ ರೂಢಿ. ಕರೆಂಟ್ ಹೋದ ದಿನ ಬಕೆಟ್ಟಿನಲ್ಲಿ ಮಂಜುಗಡ್ಡೆ, ನೀರು ಮತ್ತು ಒಂದು ಹಿಡಿ ಉಪ್ಪು ಹಾಕಿ ಬಾಟಲಿಯ ಕುತ್ತಿಗೆಯವರೆಗೆ ಮುಳುಗಿಸಿದರೆ ಇಪ್ಪತ್ತು ನಿಮಿಷದಲ್ಲಿ ಕೆಲಸವಾಗುತ್ತದೆ, ಬರೀ ಮಂಜುಗಡ್ಡೆಗಿಂತ ನೀರು ಸೇರಿದ್ದು ಬೇಗ ತಣಿಸುತ್ತದೆ. ಫ್ರಿಜ್‌ನಿಂದ ತೆಗೆದ ಬಾಟಲಿಯ ತಳದಲ್ಲೋ ಕಾರ್ಕ್‌ನ ತುದಿಯಲ್ಲೋ ಸಣ್ಣ ಹರಳುಗಳು ಕಂಡರೆ ಗಾಜಿನ ಚೂರೆಂದು ಹೆದರಬೇಕಿಲ್ಲ. ದ್ರಾಕ್ಷಿಯ ಟಾರ್ಟಾರಿಕ್ ಆಮ್ಲದ ಲವಣ ತಂಪಿಗೆ ಹರಳುಗಟ್ಟಿದ್ದು ಅದು, ಆರೋಗ್ಯಕ್ಕೆ ಹಾನಿಯಿಲ್ಲ. ಗ್ಲಾಸ್ ದುಬಾರಿಯಾಗಬೇಕಿಲ್ಲ, ಬಾಯಿ ಸ್ವಲ್ಪ ಒಳಗೆ ಬಾಗಿದ್ದು, ಮೂರನೆಯ ಒಂದು ಭಾಗ ಮಾತ್ರ ತುಂಬಿಸುವಷ್ಟು ದೊಡ್ಡದು ಇದ್ದರೆ ಸಾಕು. ಸ್ಟೀಲ್ ಲೋಟದಲ್ಲಿ ಬಣ್ಣವೂ ಕಾಣದು, ಕಂಪೂ ನಿಲ್ಲದು.

ನಗರದ ಬಾರ್ ಮತ್ತು ರೆಸ್ಟೋರೆಂಟ್‌ಗಳ ವೈನ್ ಸೇವೆಗೆ ನಾನು ಹೆಚ್ಚಿನ ಅಂಕ ಕೊಡಲಾರೆ. ಹೆಚ್ಚಿನ ಕಡೆ ಪಟ್ಟಿಯಲ್ಲಿ ರೆಡ್, ವೈಟ್ ಎಂದಷ್ಟೇ ಇರುತ್ತದೆ, ತಳಿಯೂ ಇಲ್ಲ, ವರ್ಷವೂ ಇಲ್ಲ. ಒಂದು ಕಡೆ ಎಂದೋ ತೆರೆದಿಟ್ಟ ಬಾಟಲಿಯಿಂದ ಸುರಿದ ಕೆಂಪು ವೈನ್ ವಿನೆಗರ್‌ನ ದಾರಿ ಹಿಡಿದಿತ್ತು. ಹೇಳಿದಾಗ ಮಾಣಿ ಮರುಮಾತಿಲ್ಲದೆ ಮಂಜುಗಡ್ಡೆ ತಂದು ಹಾಕಿದ. ಅವನಲ್ಲಿ ಒಳ್ಳೆಯ ಮನಸ್ಸಿತ್ತು, ಹೇಳಿಕೊಟ್ಟವರಿರಲಿಲ್ಲ. ಹೊರಗೆ ಕುಡಿಯಲೇಬೇಕಾದರೆ ಗ್ಲಾಸ್ ಬದಲು ಸೀಲ್ ಇರುವ ಪೂರ್ತಿ ಬಾಟಲಿಯನ್ನು ಎದುರಿಗೇ ತೆರೆಸಿ, ನಾಲ್ಕೈದು ಜನ ಹಂಚಿಕೊಳ್ಳುವುದು ಲೇಸು. 750 ಮಿಲಿಲೀಟರ್ ಎಂದರೆ ಐದು ಹದವಾದ ಗ್ಲಾಸ್. ಇನ್ನೊಂದು ಕೊರತೆಯನ್ನೂ ಹೇಳಬೇಕು: ನಮ್ಮ ಅಂಗಡಿಗಳ ಗಲ್ಲೆಯ ಮುಂದಿನ ನೂಕುನುಗ್ಗಲಿನಲ್ಲಿ ಹೆಣ್ಣುಮಕ್ಕಳು ನಿಂತು ಬಾಟಲಿ ಆರಿಸುವ ಸ್ಥಿತಿಯಿಲ್ಲ. ನಮ್ಮ ಮನೆಯವರ ನಾಲಿಗೆ ನನ್ನದಕ್ಕಿಂತ ಚುರುಕು, ಆದರೂ ಚೀಟಿ ಬರೆದುಕೊಡುವುದಷ್ಟೇ ಅವರಿಗೆ ಉಳಿದ ದಾರಿ. ವೈನ್‌ಗೆಂದೇ ಮೀಸಲಾದ, ತಂಪಾಗಿ, ನೆಮ್ಮದಿಯಾಗಿ ನಿಂತು ಓದಿ ಕೊಳ್ಳಬಹುದಾದ ಚಿಕ್ಕ ಮಳಿಗೆಯೊಂದು ಕಲಬುರಗಿಗೆ ತುರ್ತಾಗಿ ಬೇಕಾಗಿದೆ.

ತೆರೆದ ಬಾಟಲಿ ಉಳಿದರೆ ಮುಚ್ಚಳ ಬಿಗಿದು ಫ್ರಿಜ್‌ನಲ್ಲಿಡಿ, ಬಿಳಿಯಾಗಲಿ ಕೆಂಪಾಗಲಿ ಮೂರು ದಿನ ತಡೆಯುತ್ತದೆ. ಇಬ್ಬರೇ ಇರುವ ಮನೆಗೆ 375 ಮಿಲಿಲೀಟರ್‌ನ ಅರ್ಧ ಬಾಟಲಿ ಅನುಕೂಲ. ಸೂಪರ್ ಮಾರ್ಕೆಟ್ ಬಳಿಯ ಆ ಅಂಗಡಿಯಲ್ಲಿ ಶೆನಿನ್‌ನ ಅರ್ಧ ಬಾಟಲಿಗಳನ್ನು ಕೇಳಿದ ಮೇಲೆ ತರಿಸತೊಡಗಿದ್ದಾರೆ.

ಯಾವಾಗ ಕೊಳ್ಳಬೇಕು ಎಂಬುದಕ್ಕೂ ಲೆಕ್ಕವಿದೆ. ನಮ್ಮ ದಖ್ಖನಿನಲ್ಲಿ ದ್ರಾಕ್ಷಿ ಬಳ್ಳಿ ಚಳಿಗೆ ಎಲೆ ಉದುರಿಸಿ ಮಲಗುವುದಿಲ್ಲ. ಬೆಳೆಗಾರರು ವರ್ಷಕ್ಕೆ ಎರಡು ಬಾರಿ, ಏಪ್ರಿಲ್ ಚಾಟನಿ ಮತ್ತು ಅಕ್ಟೋಬರ್ ಚಾಟನಿ ಎಂದು ಸವರಿ, ಜನವರಿಯಿಂದ ಮಾರ್ಚ್‌ವರೆಗೆ ವೈನ್ ದ್ರಾಕ್ಷಿ ಕೊಯ್ಯುತ್ತಾರೆ. ಆ ಕೊಯ್ಲಿನ ಬಿಳಿ ವೈನ್‌ಗಳು ಮಳೆಗಾಲ ಹಿಡಿದ ಮೇಲೆ ನಮ್ಮ ಅಂಗಡಿಗಳನ್ನು ತಲುಪುತ್ತವೆ. ಆದ್ದರಿಂದ ಆಗಸ್ಟ್‌ನಿಂದ ಫೆಬ್ರವರಿವರೆಗೆ ನಾನು ನಿಶ್ಚಿಂತೆಯಿಂದ ಎರಡು ಮೂರು ಬಾಟಲಿ ಒಟ್ಟಿಗೆ ತಂದು, ಮನೆಯ ಅತ್ಯಂತ ತಂಪಾದ ಕತ್ತಲ ಮೂಲೆಯಲ್ಲಿ ಮಲಗಿಸುತ್ತೇನೆ. ಮಾರ್ಚ್ ಮುಗಿದ ಮೇಲೆ ಫ್ರಿಜ್‌ನಲ್ಲಿ ಇಟ್ಟದ್ದನ್ನು ಮಾತ್ರ, ಅದೂ ಆ ದಿನಕ್ಕೆ ಬೇಕಾದ ಒಂದನ್ನು ಮಾತ್ರ ಕೊಂಡು, ಒದ್ದೆ ಬಟ್ಟೆ ಸುತ್ತಿ, ಬಿಸಿಲು ಇಳಿದ ಮೇಲೆ ಮನೆಗೆ ತರುತ್ತೇನೆ.